ಹಿಮವಿಲ್ಲದ ಊರಿನ ಹಿಮ ಜಾರಾಟ

ಕನ್ಯಾನದಲ್ಲಿ ಹಿಮ ಬೀಳುವುದಿಲ್ಲ. ಬಂಟ್ವಾಳ ತಾಲೂಕಿನ ಈ ಗಡಿಯೂರಿನಲ್ಲಿ ಬೀಳುವುದು ಮಳೆ, ಅಡಿಕೆ ಮತ್ತು ಅಡಿಕೆ ಮರದ ಹಾಳೆ. ಆದರೆ ಹಾಳೆ ಬಿದ್ದಲ್ಲೆಲ್ಲ ಜಾರಾಟ ಇದ್ದೇ ಇತ್ತು. ಒಬ್ಬರು ಹಾಳೆಯ ಮೇಲೆ ಕೂತು ಮುಂದಿನ ದಂಟನ್ನು ಗಟ್ಟಿಯಾಗಿ ಹಿಡಿಯುವುದು, ಇನ್ನೊಬ್ಬರು ಸೋಗೆಯ ಕಡೆಯಿಂದ ಅಂಗಳವಿಡೀ ಎಳೆಯುವುದು. ಎಳೆಯುವವರು ತಟ್ಟನೆ ತಿರುಗಿದರೆ ಕೂತವರು ಉರುಳುತ್ತಾರೆ. ನಾಲ್ಕು ಸಲ ಉರುಳಿದ ಮೇಲೆ ಉರುಳುವುದು ನಿಲ್ಲುತ್ತದೆ. ತಿರುವು ಬರುವ ಮೊದಲೇ ಮೈ ಒಳಗಡೆಗೆ ವಾಲಿರುತ್ತದೆ, ಹಾಗೆ ವಾಲು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. (ಈಗ ಹಾಳೆಗೆ ಬೆಲೆ ಬಂದಿದೆ. ಮಕ್ಕಳ ಕೈಗೆ ಸಿಗುವ ಮೊದಲೇ ಅದು ಊಟದ ತಟ್ಟೆಯಾಗಲು ಹೊರಟುಬಿಡುತ್ತದೆ.)

ಈಗ ಜಗಲಿಯಲ್ಲಿ ಕೂತ ಹುಡುಗಿಯೊಬ್ಬಳು ಫೋನನ್ನು ಎರಡೂ ಕೈಯಲ್ಲಿ ಅಡ್ಡಲಾಗಿ ಹಿಡಿದು ಸ್ನೋಬೋರ್ಡ್ ಓಡಿಸುತ್ತಿದ್ದಾಳೆ ಎಂದುಕೊಳ್ಳಿ. ಫೋನನ್ನು ಎಡಕ್ಕೆ ವಾಲಿಸಿದರೆ ಪರದೆಯ ಮೇಲಿನ ಸವಾರ ಎಡಕ್ಕೆ, ಬಲಕ್ಕೆ ವಾಲಿಸಿದರೆ ಬಲಕ್ಕೆ. ಮೊದಲ ದಿನ ಅವಳ ಸವಾರ ಪ್ರತಿ ಪೈನ್ ಮರಕ್ಕೂ ಡಿಕ್ಕಿ ಹೊಡೆಯುತ್ತಾನೆ. ಫೋನಿನ ಜತೆಗೆ ಅವಳ ಭುಜ, ಸೊಂಟ, ನಾಲಗೆಯ ತುದಿ ಎಲ್ಲವೂ ಎಡಕ್ಕೆ ಹೋಗುತ್ತವೆ. ಪಕ್ಕದಲ್ಲಿ ಕೂತ ಅಣ್ಣ, "ನೀನು ಯಾಕೆ ಬಗ್ಗುದು ಮಾರಾಯ್ತಿ, ಫೋನು ಮಾತ್ರ ಬಗ್ಗಿಸು" ಎನ್ನುತ್ತಾನೆ. ಒಂದು ವಾರ ಕಳೆದರೆ ಮೈ ನಿಶ್ಚಲ, ಮಣಿಕಟ್ಟು ಮಾತ್ರ ಅಷ್ಟಿಷ್ಟು ಅಲುಗುತ್ತದೆ, ಸವಾರ ಮರಗಳ ನಡುವೆ ನುಸುಳಿ ಸಾಗುತ್ತಾನೆ. ಹಿಮವನ್ನೇ ನೋಡದವಳು, ಹಲಗೆಯ ಮೇಲೆ ಕಾಲಿಡದವಳು ಕಲಿತದ್ದಾದರೂ ಏನನ್ನು? ಜಾರುವುದನ್ನಂತೂ ಅಲ್ಲ. ಅವಳು ಕಲಿತದ್ದು ಮುಂದಿನ ಕ್ಷಣವನ್ನು ಊಹಿಸುವುದನ್ನು: ಇಷ್ಟು ವಾಲಿಸಿದರೆ ಇಷ್ಟು ಹೊತ್ತಿನಲ್ಲಿ ಇಷ್ಟು ತಿರುಗುತ್ತದೆ ಎಂಬ ಊಹೆಯನ್ನು. ಈ ಅಧ್ಯಾಯ ಆ ಊಹೆಯ ಬಗ್ಗೆ.

ಮೊದಲು ಫೋನಿಗೆ ಏನು ಗೊತ್ತಾಗುತ್ತದೆ ಎಂದು ನೋಡೋಣ. ಅದರೊಳಗೆ ಆಕ್ಸೆಲೆರೊಮೀಟರ್ ಎಂಬ ಚಿಪ್ ಇದೆ. ಚಿಪ್ಪಿನೊಳಗೆ ಸಿಲಿಕಾನಿನಲ್ಲೇ ಕೆತ್ತಿದ ಅತಿ ಸಣ್ಣ ತುಂಡೊಂದು ಸಿಲಿಕಾನಿನದೇ ಸ್ಪ್ರಿಂಗುಗಳಿಗೆ ಜೋತುಬಿದ್ದಿರುತ್ತದೆ. ಫೋನನ್ನು ವಾಲಿಸಿದರೆ ಗುರುತ್ವ ಆ ತುಂಡನ್ನು ಒಂದು ಬದಿಗೆ ಎಳೆಯುತ್ತದೆ. ತುಂಡಿನ ಹಲ್ಲುಗಳಿಗೂ ಪಕ್ಕದ ಸ್ಥಿರ ಹಲ್ಲುಗಳಿಗೂ ನಡುವಿನ ಅಂತರ ಬದಲಾಗುತ್ತದೆ, ಅದರೊಂದಿಗೆ ಅಲ್ಲಿ ನಿಲ್ಲುವ ವಿದ್ಯುದಂಶವೂ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದರೆ ವಾಲಿದ ಕೋನ ಸಿಗುತ್ತದೆ. ನಿಂಟೆಂಡೊ ಕಂಪನಿ 2006ರಲ್ಲಿ 'ವೀ' ಎಂಬ ಆಟದ ಯಂತ್ರವನ್ನು ತಂದಾಗ ಅದರ ರಿಮೋಟಿನೊಳಗೆ ಇದ್ದದ್ದು ಇಂಥದೇ ಚಿಪ್. ಮರುವರ್ಷ ಬಂದ ಐಫೋನಿನಲ್ಲೂ ಇತ್ತು. ಗುಂಡಿ ಒತ್ತಿ ಆಡುವ ಆಟ ಕೈ ಬೀಸಿ ಆಡುವ ಆಟವಾದದ್ದು ಹೀಗೆ.

ಆದರೆ ಈ ಚಿಪ್ಪಿಗೆ ಒಂದು ಕುರುಡು ಇದೆ. ಫೋನು ಬಲಕ್ಕೆ ವಾಲಿದರೂ, ವಾಲದೆ ಎಡಕ್ಕೆ ರಪ್ಪನೆ ಸರಿದರೂ ಒಳಗಿನ ತುಂಡು ಹಿಂದುಳಿಯುವುದು ಬಲಗಡೆಗೇ. ಎರಡರಲ್ಲಿ ಯಾವುದಾಯಿತು ಎಂದು ಚಿಪ್ ಒಂದೇ ಹೇಳಲಾರದು. ಇದು ಅಗ್ಗದ ಚಿಪ್ಪಿನ ದೋಷ ಅಲ್ಲ, ಪ್ರಕೃತಿಯ ನಿಯಮ. ಮುಚ್ಚಿದ ಪೆಟ್ಟಿಗೆಯೊಳಗೆ ಕೂತವನಿಗೆ ಗುರುತ್ವದ ಎಳೆತಕ್ಕೂ ಪೆಟ್ಟಿಗೆಯ ವೇಗ ಏರಿದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದರಿಂದಲೇ ಐನ್‌ಸ್ಟೈನ್ ತಮ್ಮ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತಕ್ಕೆ ಹೊರಟದ್ದು. ಮೊದಮೊದಲ ವೀ ಆಟಗಾರರಿಗೆ ಸಿದ್ಧಾಂತ ಗೊತ್ತಿರಲಿಲ್ಲ, ಸಿಟ್ಟು ಮಾತ್ರ ಬಂತು. 2007ರ 'ಎಸ್‌ಎಸ್‌ಎಕ್ಸ್ ಬ್ಲರ್' ಎಂಬ ಸ್ನೋಬೋರ್ಡ್ ಆಟದಲ್ಲಿ ಎಡಗೈಯಲ್ಲಿ ಹಿಡಿಯುವ ಸಾಧನವನ್ನು ವಾಲಿಸಿದರೆ ಹಲಗೆ ತಿರುಗುತ್ತಿತ್ತು, ಬಲಗೈಯ ರಿಮೋಟಿನಿಂದ ಕಸರತ್ತು. ದೊಡ್ಡ ಕಸರತ್ತು ಬೇಕಾದರೆ ಸವಾರ ಗಾಳಿಯಲ್ಲಿರುವಷ್ಟರೊಳಗೆ ರಿಮೋಟಿನಿಂದ ಗಾಳಿಯಲ್ಲೇ ಒಂದು ಆಕಾರ ಬಿಡಿಸಬೇಕಿತ್ತು. ಬಿಡಿಸಿದವರಿಗೆ ಸರಿ ಎನಿಸಿದ ಆಕಾರ ಯಂತ್ರಕ್ಕೆ ಎಷ್ಟೋ ಸಲ ಅರ್ಥವೇ ಆಗುತ್ತಿರಲಿಲ್ಲ.

ಪರಿಹಾರ ಎಂದರೆ ಇನ್ನೊಂದು ಚಿಪ್, ಗೈರೊಸ್ಕೋಪ್. ಇದರೊಳಗಿನ ತುಂಡು ಸದಾ ಕಂಪಿಸುತ್ತಿರುತ್ತದೆ. ಫೋನು ತಿರುಗಿದರೆ ಕಂಪನದ ದಾರಿ ಪಕ್ಕಕ್ಕೆ ಸರಿಯುತ್ತದೆ, ಸರಿದದ್ದನ್ನು ಅಳೆದರೆ ಎಷ್ಟು ಬೇಗ ತಿರುಗಿತು ಎಂದು ತಿಳಿಯುತ್ತದೆ. ನಿಂಟೆಂಡೊ 2009ರಲ್ಲಿ ಇದನ್ನು ಪ್ರತ್ಯೇಕ ತುಂಡಾಗಿ ಮಾರಿತು, ಆ್ಯಪಲ್ 2010ರ ಐಫೋನ್ 4ರಲ್ಲಿ ಒಳಗೇ ಇಟ್ಟಿತು. ಗೈರೊ ಚುರುಕು, ಆದರೆ ಅದರ ಸಣ್ಣ ಸಣ್ಣ ತಪ್ಪುಗಳು ಕೂಡುತ್ತ ಹೋಗಿ ಸ್ವಲ್ಪ ಹೊತ್ತಿನಲ್ಲಿ ದಿಕ್ಕು ಜಾರುತ್ತದೆ. ಆಕ್ಸೆಲೆರೊಮೀಟರ್ ಗಡಿಬಿಡಿಯಲ್ಲಿ ಮೋಸ ಹೋಗುತ್ತದೆ, ಆದರೆ ಕೆಳಗೆ ಯಾವ ಕಡೆ ಎಂಬುದನ್ನು ಎಂದೂ ಮರೆಯುವುದಿಲ್ಲ. ಕ್ಷಣದ ಮಟ್ಟಿಗೆ ಗೈರೊವನ್ನು, ಸಾವಕಾಶವಾಗಿ ಆಕ್ಸೆಲೆರೊಮೀಟರನ್ನು ನಂಬುವಂತೆ ಎರಡನ್ನೂ ಬೆರೆಸುವುದೇ ಇವತ್ತಿನ ಆಟಗಳ ಒಳಗುಟ್ಟು.

ಈ ಬೆರಕೆ ಎಂಜಿನಿಯರುಗಳಿಗಿಂತ ಬಹಳ ಮೊದಲೇ ನಮ್ಮ ತಲೆಯೊಳಗಿತ್ತು. ಒಳಗಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದಾಗ ಅವುಗಳಲ್ಲಿರುವ ದ್ರವ ಹಿಂದುಳಿದು ರೋಮಕೋಶಗಳನ್ನು ಬಾಗಿಸುತ್ತದೆ. ಅದು ನಮ್ಮ ಗೈರೊ. ಅಲ್ಲೇ ಪಕ್ಕದಲ್ಲಿ ಎರಡು ಚೀಲಗಳಿವೆ, ಅವುಗಳಲ್ಲಿ ಲೋಳೆಯ ಪದರದ ಮೇಲೆ ಕೂತ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರಲ್ಲ, ಆ ಚಿಪ್ಪಿನ ದ್ರವ್ಯವೇ ಇದು. ತಲೆ ವಾಲಿದರೆ ಹರಳು ಜಾರುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಅದು ನಮ್ಮ ಆಕ್ಸೆಲೆರೊಮೀಟರ್, ಫೋನಿನ ಚಿಪ್ಪಿನ ಕುರುಡು ಇದಕ್ಕೂ ಇದೆ. ವಾಲಿದ್ದೋ ಸರಿದದ್ದೋ ಎಂಬುದನ್ನು ನಾಳ, ಕಣ್ಣು, ಪಾದ ಎಲ್ಲರ ಸಾಕ್ಷಿ ಕೇಳಿ ಮೆದುಳು ತೀರ್ಮಾನಿಸಬೇಕು.

ಇಲ್ಲೇ ಆಟದ ಹಿಮಕ್ಕೂ ನಿಜವಾದ ಹಿಮಕ್ಕೂ ದಾರಿ ಬೇರೆಯಾಗುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು, ಬೈಕು ಒಳಕ್ಕೆ ವಾಲಿದ್ದರೂ ಸವಾರನಿಗೆ ವಾಲಿದಂತೆ ಅನಿಸುವುದಿಲ್ಲ. ಸೀಟಿಗೆ ತುಸು ಒತ್ತಿದಂತೆ ಮಾತ್ರ ಅನಿಸುತ್ತದೆ. ಸ್ನೋಬೋರ್ಡಿನಲ್ಲೂ ಹಾಗೆ. ಗಂಟೆಗೆ 36 ಕಿ.ಮೀ. ವೇಗದಲ್ಲಿ, ಎಂದರೆ ಸೆಕೆಂಡಿಗೆ 10 ಮೀಟರ್ ಹೋಗುತ್ತ, ಸವಾರ 45 ಡಿಗ್ರಿ ವಾಲಿದರೆ ಸುಮಾರು 10 ಮೀಟರ್ ತ್ರಿಜ್ಯದ ತಿರುವನ್ನು ಹೊಡೆಯಬಹುದು. ಆಗ ಗುರುತ್ವವೂ ತಿರುವಿನ ಎಳೆತವೂ ಕೂಡಿ ಸರಿಯಾಗಿ ಅವನ ತಲೆಯಿಂದ ಕಾಲಿನ ದಿಕ್ಕಿಗೇ ಬರುತ್ತವೆ. ಕಿವಿಯ ಹರಳುಗಳು ಪಕ್ಕಕ್ಕೆ ಜಾರುವುದಿಲ್ಲ, ಮೈಯ ಭಾರ ಮಾತ್ರ 1.4 ಪಟ್ಟಾಗಿ ಪಾದಕ್ಕೆ ಇಳಿಯುತ್ತದೆ. ಅವನ ಎದೆಗೆ ಫೋನು ಕಟ್ಟಿದರೆ ಅದರ ಆಕ್ಸೆಲೆರೊಮೀಟರಿಗೂ ಅವನು ನೆಟ್ಟಗೆ ನಿಂತಂತೆಯೇ ಲೆಕ್ಕ.

ಜಗಲಿಯಲ್ಲಿ ಕೂತು ಆಡುವವರಿಗೆ ಇದು ಪೂರ್ತಿ ತಿರುಗುಮುರುಗು. ಕಣ್ಣು, ತಿರುವು ಬಂತು ಎನ್ನುತ್ತದೆ, ಕಿವಿ ಏನೂ ಆಗಲಿಲ್ಲ ಎನ್ನುತ್ತದೆ. ಮೈ ವಾಲಿಸಿದರೆ ಕಿವಿ ವಾಲಿದೆ ಎನ್ನುತ್ತದೆ, ಆದರೆ ಆ ವಾಲಿಗೆ ಆಸರೆ ಕೊಡುವ ತಿರುವಿನ ಎಳೆತ ಇಲ್ಲ. ಈ ಜಗಳ ಜೋರಾದರೆ ಕೆಲವರಿಗೆ ಹೊಟ್ಟೆ ತೊಳೆಸುತ್ತದೆ. ಕಣ್ಣಿಗೆ ಕನ್ನಡಕದಂತೆ ಕಟ್ಟಿಕೊಳ್ಳುವ ವಿಆರ್ ಆಟಗಳಲ್ಲಿ ಈ ತೊಂದರೆ ಹೆಚ್ಚು. ಮೊದಲ ದಿನ ಹುಡುಗಿಯ ಭುಜ, ಸೊಂಟ ವಾಲಿದ್ದಕ್ಕೂ ಇಲ್ಲಿ ಒಂದು ಕಾರಣ ಇದೆ: ಕಣ್ಣು ಕಂಡ ತಿರುವಿಗೆ ಮೈ ಹಳೆಯ ಅಭ್ಯಾಸದಿಂದ ಸಿದ್ಧವಾಗುತ್ತದೆ. ಒಂದು ವಾರದಲ್ಲಿ ಮೈ ಕಲಿಯುವುದು, ಇಲ್ಲಿ ಸಿದ್ಧವಾಗುವ ಅಗತ್ಯ ಇಲ್ಲ ಎಂಬುದನ್ನು.

ಮೈ ಹೇಗೆ ಕಲಿಯುತ್ತದೆ ಎಂಬುದಕ್ಕೆ ಹಳೆಯ ಪ್ರಯೋಗವೊಂದಿದೆ, ಮನೆಯಲ್ಲೂ ಮಾಡಬಹುದಾದಷ್ಟು ಸರಳ. ನೋಟವನ್ನು ಒಂದು ಬದಿಗೆ ಸರಿಸುವ ಪಟ್ಟಕದ ಕನ್ನಡಕ ಹಾಕಿಕೊಂಡು ಗುರಿಗೆ ಚೆಂಡು ಎಸೆಯಿರಿ. ಮೊದಲ ಎಸೆತ ಪಕ್ಕಕ್ಕೆ ಹೋಗುತ್ತದೆ. ಎಸೆಯುತ್ತ ಹೋದಂತೆ ಗುರಿ ಹತ್ತಿರವಾಗಿ ಕೊನೆಗೆ ಸರಿಯಾಗಿ ತಾಗುತ್ತದೆ. ಸ್ವಾರಸ್ಯ ಇರುವುದು ಕನ್ನಡಕ ತೆಗೆದ ಮೇಲೆ. ಆಗ ಎಸೆತ ಎದುರು ಬದಿಗೆ ತಪ್ಪುತ್ತದೆ! ಬುದ್ಧಿಗೆ ಕನ್ನಡಕ ತೆಗೆದದ್ದು ಗೊತ್ತು, ಕೈಗೆ ಗೊತ್ತಿಲ್ಲ. ಕೈಯ ಲೆಕ್ಕ ಎಲ್ಲೋ ಬೇರೆ ಕಡೆ ತಿದ್ದಿಹೋಗಿದೆ. ಎಲ್ಲಿ ಎಂಬುದನ್ನು 1996ರಲ್ಲಿ ಅಮೆರಿಕದ ಥಾಕ್ ಮತ್ತು ಸಂಗಡಿಗರು ತೋರಿಸಿದರು. ಕಿರುಮೆದುಳಿಗೆ ಪೆಟ್ಟಾದ ಹಲವು ರೋಗಿಗಳಲ್ಲಿ ಈ ತಿದ್ದುಪಡಿಯೇ ಆಗುತ್ತಿರಲಿಲ್ಲ. ಎಷ್ಟು ಎಸೆದರೂ ಚೆಂಡು ಪಕ್ಕಕ್ಕೇ.

ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲೆ ಕೂತಿರುವ ಈ ಕಿರುಮೆದುಳು ಗಾತ್ರದಲ್ಲಿ ಚಿಕ್ಕದು, ಆದರೆ ಮೆದುಳಿನ ಒಟ್ಟು ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಇದರಲ್ಲೇ. ಕೈಗೆ ಆಜ್ಞೆ ಹೊರಟಾಗ ಅದರ ಒಂದು ಪ್ರತಿ ಇಲ್ಲಿಗೂ ಬರುತ್ತದೆ. ಫಲ ಏನಾದೀತು ಎಂದು ಇದು ಮೊದಲೇ ಊಹಿಸಿ ಇಡುತ್ತದೆ. ಕಣ್ಣಿನಿಂದ ನಿಜವಾದ ಫಲ ಬಂದಾಗ ಎರಡನ್ನೂ ಹೋಲಿಸಿ, ಅಂತರ ಇದ್ದರೆ ಮುಂದಿನ ಊಹೆಯನ್ನು ಅಷ್ಟು ತಿದ್ದುತ್ತದೆ. ಕಣ್ಣಿನಿಂದ ಕೈಗೆ ಸುದ್ದಿ ತಲುಪಿ ಕೈ ಅಲುಗಲು ಸೆಕೆಂಡಿನ ಸುಮಾರು ಐದನೇ ಒಂದಂಶ ಬೇಕು. ಸೆಕೆಂಡಿಗೆ ಹತ್ತು ಮೀಟರ್ ಹೋಗುವ ಸವಾರ ಅಷ್ಟರಲ್ಲಿ ಎರಡು ಮೀಟರ್ ಮುಂದೆ ಹೋಗಿಬಿಟ್ಟಿರುತ್ತಾನೆ. ನೋಡಿ ತಿರುಗಿಸಿದರೆ ತಡವಾಯಿತು, ಊಹಿಸಿಯೇ ತಿರುಗಿಸಬೇಕು. ಡಿಕ್ಕಿ ಹೊಡೆಯುವುದು ಕಲಿಯುವವರ ದಡ್ಡತನ ಅಲ್ಲ, ಕಿರುಮೆದುಳಿಗೆ ಸಿಗುವ ಪಾಠವೇ ಅದು. ಆದ್ದರಿಂದ ಡಿಕ್ಕಿಗೆ ದಂಡವಾಗಿ ಆಟವನ್ನು ಮೊದಲಿನಿಂದ ಶುರು ಮಾಡಿಸುವ ಆಟಗಳನ್ನು ಕಂಡರೆ ನನಗೆ ಆಗುವುದಿಲ್ಲ. ತಪ್ಪಿದ ತಿರುವು ಐದು ನಿಮಿಷದ ಮೇಲೆ ಮತ್ತೆ ಬಂದರೆ ಪಾಠ ತಣ್ಣಗಾಗಿರುತ್ತದೆ.

ಈ ಕಲಿಕೆಗೆ ನೆನಪಿನ ಹಂಗೂ ಹೆಚ್ಚಿಲ್ಲ. ಮೂರ್ಛೆರೋಗಕ್ಕೆಂದು 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಾದ ಹೆನ್ರಿ ಮೊಲೈಸನ್ ಎಂಬವರಿಗೆ ಆಮೇಲಿನ ಯಾವುದೂ ನೆನಪಿನಲ್ಲಿ ನಿಲ್ಲದಂತಾಯಿತು. ಮೊಲೈಸನ್ನರಿಗೆ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಒಂದು ಕೆಲಸ ಕೊಟ್ಟರು. ಕೈ ನೇರವಾಗಿ ಕಾಣದು, ಕನ್ನಡಿಯಲ್ಲಿ ಮಾತ್ರ ಕಾಣುತ್ತದೆ, ಹಾಗೆ ನೋಡುತ್ತ ನಕ್ಷತ್ರದ ಜೋಡುಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೂರು ದಿನದಲ್ಲಿ ಅವರ ಕೈ ಚೆನ್ನಾಗಿ ಪಳಗಿತು. ಪ್ರತಿದಿನವೂ ಅವರಿಗೆ ಈ ಕೆಲಸವನ್ನು ಹಿಂದೆ ಮಾಡಿದ್ದೇ ನೆನಪಿಲ್ಲ. ಮೈ ಕಲಿಯುವುದು ಬೇರೆ, ಕಲಿತದ್ದು ನೆನಪಿರುವುದು ಬೇರೆ ಎಂಬುದು ವಿಜ್ಞಾನಕ್ಕೆ ಗಟ್ಟಿಯಾಗಿ ತಿಳಿದದ್ದು ಇಲ್ಲಿಂದ. ಆಟದಲ್ಲಿ ಪಳಗಿದವರನ್ನು "ಹೇಗೆ ಮಾಡುದು?" ಎಂದು ಕೇಳಿದರೆ ಬರುವ ಉತ್ತರ "ಹೀಗೇ" ಎಂಬುದು ಮಾತ್ರ, ಜತೆಗೆ ಮಣಿಕಟ್ಟು ಒಮ್ಮೆ ಅಲುಗುತ್ತದೆ. ಅವರು ಗುಟ್ಟು ಮಾಡುತ್ತಿಲ್ಲ. ಹೇಳಲು ಅವರಲ್ಲಿ ಮಾತೇ ಇಲ್ಲ.

ಹಿಮದ ಜಾರಾಟದ ಕಲಿಕೆಯನ್ನು ವಿಜ್ಞಾನಿಗಳು ಹಿಮದಲ್ಲಿ ಮಾತ್ರ ನೋಡಿದ್ದಲ್ಲ. ಕೋಣೆಯೊಳಗೆ ಇಡಬಹುದಾದ ಸ್ಕೀ ಯಂತ್ರವೊಂದಿದೆ: ಬಾಗಿದ ಹಳಿ, ಹಳಿಯ ಮೇಲೆ ಚಕ್ರದ ಹಲಗೆ, ನಡುವಿಗೆ ಎಳೆಯುವ ರಬ್ಬರ್ ಪಟ್ಟಿಗಳು. ಅದರ ಮೇಲೆ ನಿಂತು ಎಡಬಲಕ್ಕೆ ತೂಗಬೇಕು. ನೆದರ್ಲೆಂಡ್ಸಿನಲ್ಲಿ ಹೇಳಿಕೊಳ್ಳುವಂಥ ಬೆಟ್ಟವೇ ಇಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ. ಆಮ್‌ಸ್ಟರ್‌ಡ್ಯಾಮಿನ ಬಿಯಾಟ್ರಿಕ್ಸ್ ವೆರೈಕನ್ ಮತ್ತು ಸಂಗಡಿಗರು ಈ ಯಂತ್ರದ ಮೇಲೆ ಹೊಸಬರನ್ನು ನಿಲ್ಲಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸಬರು ಮೊದಲು ಮೊಣಕಾಲು, ಸೊಂಟವನ್ನೆಲ್ಲ ಬಿಗಿದು ಮರದ ಕೊರಡಿನಂತೆ ನಿಲ್ಲುತ್ತಾರೆ. ಪಳಗಿದಂತೆ ಕೀಲುಗಳು ಒಂದೊಂದಾಗಿ ಸಡಿಲವಾಗುತ್ತವೆ. ಎಲ್ಲವನ್ನೂ ಒಟ್ಟಿಗೆ ನಿಭಾಯಿಸಲಾರದ ಮೆದುಳು ಮೊದಲು ಕೆಲವನ್ನು ಕಟ್ಟಿಹಾಕಿ ಕಲಿಯುತ್ತದೆ ಎಂದು ರಷ್ಯದ ನಿಕೊಲಾಯ್ ಬರ್ನ್‌ಸ್ಟೈನ್ ಬಹಳ ಹಿಂದೆ ಹೇಳಿದ್ದಕ್ಕೆ ಇದು ಸಾಕ್ಷಿಯಾಯಿತು.

ಇದಕ್ಕಿಂತ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಅದೇ ಬಗೆಯ ಯಂತ್ರದ ಮೇಲೆ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು ಮಾಡಿ 1998ರಲ್ಲಿ ಪ್ರಕಟಿಸಿದ ಪ್ರಯೋಗ. ಕಲಿಯುವವರಲ್ಲಿ ಒಂದು ಗುಂಪಿಗೆ, ಹೊರಬದಿಯ ಪಾದದಿಂದ ಒತ್ತುವುದರ ಮೇಲೆ ಗಮನ ಇಡಿ ಎಂದರು. ಇನ್ನೊಂದು ಗುಂಪಿಗೆ, ಆ ಪಾದದ ಕೆಳಗಿರುವ ಚಕ್ರವನ್ನು ಒತ್ತುವುದರ ಮೇಲೆ ಗಮನ ಇಡಿ ಎಂದರು. ಪಾದಕ್ಕೂ ಚಕ್ರಕ್ಕೂ ನಡುವೆ ಇದ್ದದ್ದು ಒಂದು ಹಲಗೆ ಮಾತ್ರ. ಚಕ್ರದ ಮೇಲೆ ಗಮನ ಇಟ್ಟವರು ಚೆನ್ನಾಗಿ ಕಲಿತರು. ಗಮನ ತನ್ನ ಅಂಗದ ಮೇಲೆ ಕೂತರೆ ಊಹೆಯ ಯಂತ್ರಕ್ಕೆ ಅಡ್ಡಗಾಲು, ಫಲದ ಮೇಲೆ ಕೂತರೆ ದಾರಿ ಸಲೀಸು. ಆಮೇಲೆ ಬೇರೆ ಬೇರೆ ಆಟಗಳಲ್ಲೂ ಇದೇ ಕಂಡಿದೆ. ಫೋನಿನ ಸ್ನೋಬೋರ್ಡಿಗೂ ಇದನ್ನು ಅನ್ವಯಿಸಬಹುದು: ಮಣಿಕಟ್ಟನ್ನು ನೋಡಬೇಡಿ, ಸವಾರನನ್ನೂ ನೋಡಬೇಡಿ, ಅವನು ಮುಂದೆ ನುಸುಳಬೇಕಾದ ಎರಡು ಮರಗಳ ನಡುವಿನ ಜಾಗವನ್ನು ನೋಡಿ.

ನಮ್ಮ ಕಡೆ ಹಲಗೆಯ ಮೇಲೆ ನಿಂತು ಜಾರುವ ವಿದ್ಯೆ ಹೊಸದೇನಲ್ಲ. ಕನ್ಯಾನದಿಂದ ಗಡಿ ದಾಟಿದರೆ ಕಾಸರಗೋಡಿನ ಪೈವಳಿಕೆ, ಇತ್ತ ಬಂಟ್ವಾಳದ ಕಾವಳಕಟ್ಟೆ, ಬೆಳ್ತಂಗಡಿಯ ವೇಣೂರು, ಆಚೆ ಮೂಡುಬಿದಿರೆ. ಎಲ್ಲವೂ ಜೋಡುಕರೆ (ಎರಡು ಸಾಲಿನ ಓಟದ ಗದ್ದೆ) ಕಂಬಳ ನಡೆದ ಊರುಗಳು. ಕಂಬಳವೆಂದರೆ ಕೆಸರುಗದ್ದೆಯಲ್ಲಿ ಕೋಣಗಳ ಹಿಂದಿನ ಓಟ ಎಂದೇ ಹೊರಗಿನವರ ತಿಳಿವಳಿಕೆ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವಿಡೀ ಉಸೇನ್ ಬೋಲ್ಟ್ ಜತೆ ತೂಗಿ ನೋಡಿತು. ಕೋಣಗಳು ಎಳೆಯುತ್ತಿರುವಾಗ ಓಡುವುದಕ್ಕೂ ಒಂಟಿಯಾಗಿ ಓಡುವುದಕ್ಕೂ ಹೋಲಿಕೆ ಎಲ್ಲಿಂದ ಬಂತೋ! ನಮಗೆ ಇಲ್ಲಿ ಬೇಕಾದದ್ದು ಓಟದ ಹಗ್ಗ, ನೇಗಿಲು ವಿಭಾಗಗಳಲ್ಲ, ಹಲಗೆಯ ವಿಭಾಗಗಳು.

ಅಡ್ಡ ಹಲಗೆಯಲ್ಲಿ ಕೋಣಗಳ ಹಿಂದೆ ಎಳೆದುಹೋಗುವ ಹಲಗೆಯ ಮೇಲೆ ನಿಂತು ಕೆಸರುಗದ್ದೆಯನ್ನು ದಾಟಬೇಕು. ಕನೆ ಹಲಗೆ ಇನ್ನೂ ಕಠಿಣ. ತೂತುಗಳಿರುವ ಸಣ್ಣ ಹಲಗೆಯನ್ನು ಒಂದು ಕಾಲಿನಿಂದ ಮೆಟ್ಟಬೇಕು. ಕೋಣಗಳ ವೇಗಕ್ಕೆ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲೆ ಅಡ್ಡ ಕಟ್ಟಿದ ಬಟ್ಟೆಯ ನಿಶಾನೆಯನ್ನು ಆ ನೀರು ತಾಗಬೇಕು, ಆರೂವರೆ ಕೋಲು, ಏಳೂವರೆ ಕೋಲು ಎಂಬ ಎತ್ತರಕ್ಕೆ. ಇಲ್ಲಿ ಗೆಲುವು ಸಮಯದ್ದಲ್ಲ, ನೀರು ಏರಿದ ಎತ್ತರದ್ದು. ಫಲಿತಾಂಶ ಬರೆಯುವಾಗ ಓಟದ ವಿಭಾಗಗಳಿಗೆ 'ಓಡಿಸಿದವರು' ಎಂದರೆ ಹಲಗೆಯ ವಿಭಾಗಗಳಿಗೆ 'ಹಲಗೆ ಮೆಟ್ಟಿದವರು' ಎನ್ನುತ್ತಾರೆ. ಭೌತಶಾಸ್ತ್ರದ ಕಣ್ಣಿಗೆ ಇದು ಬಹಳ ಸೊಗಸಾದ ಆಟ. ಪಾದ ಒತ್ತಿದ್ದು ಸಾಲದಿದ್ದರೆ ಹಲಗೆ ನೀರಿನ ಮೇಲೇ ತೇಲಿ ಜಾರೀತು, ಅತಿಯಾದರೆ ಕೆಸರಿಗೆ ಹೂತು ವೇಗ ಕಳೆದೀತು. ಎರಡರ ನಡುವಿನ ಸರಿಯಾದ ಒತ್ತಡವನ್ನು ಕೋಣಗಳ ವೇಗ ಕ್ಷಣಕ್ಷಣ ಬದಲಾಗುತ್ತಿರುವಾಗಲೇ ಪಾದ ಹುಡುಕಿಕೊಳ್ಳಬೇಕು. ಮೆಟ್ಟಿದವರ ಗುರಿ ಇರುವುದು ಪಾದದಲ್ಲಿ ಅಲ್ಲ, ದೂರದ ನಿಶಾನೆಯಲ್ಲಿ. ವುಲ್ಫ್ ತಮ್ಮ ಪ್ರಯೋಗಾಲಯದಲ್ಲಿ ಮಾತಿನಿಂದ ಹೇಳಿ ಮಾಡಿಸಿದ್ದನ್ನು ನಮ್ಮ ಗದ್ದೆಯಲ್ಲಿ ಒಂದು ಬಟ್ಟೆಯ ಪಟ್ಟಿ ಮಾತಿಲ್ಲದೆ ಮಾಡಿಸುತ್ತದೆ.

ಹಾಗಾದರೆ ಫೋನಿನಲ್ಲಿ ಪಳಗಿದವರು ಹಲಗೆ ಮೆಟ್ಟಿಯಾರೆ? ಅಥವಾ ಹಲಗೆ ಮೆಟ್ಟುವವರಿಗೆ ಆಟ ಸಲೀಸಾದೀತೆ? ಎರಡಕ್ಕೂ ಉತ್ತರ ಬಹುಮಟ್ಟಿಗೆ 'ಇಲ್ಲ' ಎಂದೇ. ಮೈಯ ಕಲಿಕೆ ಕಲಿತ ಸಂದರ್ಭಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಣಿಕಟ್ಟಿನ ಕೋನಕ್ಕೆ ತಿದ್ದಿದ ಊಹೆ ಪಾದದ ಒತ್ತಡಕ್ಕೆ ದಕ್ಕುವುದಿಲ್ಲ. ನಿಂಟೆಂಡೊ ಆಟವನ್ನು ಪಾದಕ್ಕೆ ಸ್ವಲ್ಪ ಹತ್ತಿರ ತರಲು ನೋಡಿತ್ತು. 2007ರ ಕೊನೆಗೆ ಅದು ಜಪಾನಿನಲ್ಲಿ ತಂದ 'ಬ್ಯಾಲೆನ್ಸ್ ಬೋರ್ಡ್' ಎಂಬ ಮಣೆಯ ನಾಲ್ಕು ಮೂಲೆಗಳಲ್ಲಿ ತೂಕ ಅಳೆಯುವ ಸಾಧನಗಳಿದ್ದವು. ನಾಲ್ಕರ ಲೆಕ್ಕ ಕೂಡಿಸಿ, ನಿಂತವರ ಭಾರದ ಕೇಂದ್ರ ಎಲ್ಲಿದೆ ಎಂದು ಹೇಳುತ್ತಿತ್ತು. 2008ರಲ್ಲಿ ಶಾನ್ ವೈಟ್ ಎಂಬ ಒಲಿಂಪಿಕ್ ಸ್ನೋಬೋರ್ಡ್ ಸವಾರನ ಹೆಸರಿನಲ್ಲಿ ಬಂದ ಆಟವನ್ನು ಅದರ ಮೇಲೆ ನಿಂತು ಆಡಬಹುದಿತ್ತು. ಪಾದಕ್ಕೆ ಕೆಲಸ ಸಿಕ್ಕಿತು. ಆದರೆ ಮಣೆ ನೆಲಕ್ಕೆ ಅಂಟಿದ್ದು, ಅದು ಜಾರುವುದೂ ಇಲ್ಲ, ವಾಲುವುದೂ ಇಲ್ಲ. ಆಟದ ಸಾಮಾನಾಗಿ ಹುಟ್ಟಿದ ಈ ಮಣೆ ಆಮೇಲೆ ಲಕ್ವ ಹೊಡೆದವರಿಗೆ, ವಯಸ್ಸಾದವರಿಗೆ ಸಮತೋಲನ ಕಲಿಸುವ ಸಂಶೋಧನೆಗಳಲ್ಲಿ ಬಳಕೆಗೆ ಬಂತು. ನನ್ನ ಮಟ್ಟಿಗೆ ಅದರ ನಿಜವಾದ ಸಾರ್ಥಕತೆ ಅದೇ.

ಕಲಿಯ ಹೊರಟವರಿಗೆ ಕೆಲವು ಮಾತು. ಆಟ ಶುರುವಾಗುವ ಮೊದಲು ಫೋನನ್ನು ನೀವು ಆಡುವಾಗ ಹಿಡಿಯುವ ಕೋನದಲ್ಲೇ ಹಿಡಿದು 'ಕ್ಯಾಲಿಬ್ರೇಟ್' ಒತ್ತಿ. ಮಲಗಿ ಆಡುತ್ತ, ಕೂತಾಗಿನ ಸೊನ್ನೆಯನ್ನೇ ಇಟ್ಟುಕೊಂಡರೆ ಪಟ್ಟಕದ ಕನ್ನಡಕ ಹಾಕಿಕೊಂಡಂತೆಯೇ. ಎಷ್ಟು ವಾಲಿಸಿದರೆ ಎಷ್ಟು ತಿರುಗಬೇಕು ಎಂಬ 'ಸೆನ್ಸಿಟಿವಿಟಿ'ಯನ್ನು ದಿನಕ್ಕೊಂದು ಸಲ ಬದಲಿಸಬೇಡಿ. ಕಿರುಮೆದುಳು ನಿನ್ನೆ ಕಟ್ಟಿದ ಲೆಕ್ಕವನ್ನು ಇಂದು ನೀವೇ ಕೆಡವಿದಂತಾಗುತ್ತದೆ. ಟಿವಿಯಲ್ಲಿ ಆಡುವುದಾದರೆ ಸೆಟ್ಟಿಂಗಿನಲ್ಲಿ 'ಗೇಮ್ ಮೋಡ್' ಹಾಕಿ. ಕೈ ಅಲುಗಿದ್ದಕ್ಕೂ ಚಿತ್ರ ಬದಲಾದದ್ದಕ್ಕೂ ನಡುವಿನ ಅಂತರ ಅದರಿಂದ ಕಡಿಮೆಯಾಗುತ್ತದೆ. ಪಟ್ಟಕದ ಪ್ರಯೋಗದಲ್ಲಿ ತಪ್ಪು ಕಣ್ಣಿಗೆ ಬೀಳುವುದನ್ನು ಸೆಕೆಂಡಿನ ಸಣ್ಣ ಅಂಶದಷ್ಟು ತಡಮಾಡಿದರೂ ಕಲಿಕೆ ಕುಂಟುತ್ತದೆ ಎಂದು ಜಪಾನಿನ ಶಿಗೇರು ಕಿತಾಜಾವ ಮತ್ತು ಸಂಗಡಿಗರು 1995ರಲ್ಲೇ ತೋರಿಸಿದ್ದಾರೆ. ಒಂದೇ ಪಟ್ಟಿಗೆ ಮೂರು ಗಂಟೆ ಆಡುವುದಕ್ಕಿಂತ ಅರ್ಧರ್ಧ ಗಂಟೆಯಾಗಿ ಹಂಚಿ ಆಡಿ, ನಡುವೆ ರಾತ್ರಿಯ ನಿದ್ದೆ ಬರಲಿ. ತೋಟದಲ್ಲಿ ಒಳ್ಳೆಯ ಹಾಳೆ ಬಿದ್ದದ್ದು ಕಂಡರೆ ತಟ್ಟೆಯವರಿಗೆ ಕೊಡುವ ಮೊದಲು ಮಕ್ಕಳಿಗೆ ಒಂದನ್ನು ಬಿಟ್ಟುಕೊಡಿ. ಕಿವಿಯ ಹರಳಿಗೂ ಪಾದಕ್ಕೂ ಬೇಕಾದ ಪಾಠ ಫೋನಿನಲ್ಲಿಲ್ಲ, ಹಾಳೆಯಲ್ಲಿದೆ.